ಬೀಜಕ್ಕೆ ಬಿಟ್ಟದ್ದು

ಬೋಳಾರದ ಈ ಜಾಗ ಒಟ್ಟು ಐದು ಸೆಂಟ್ಸ್.
ಮನೆ, ಬಾವಿ, ಲೂವಿಸನ ಸ್ಕೂಟರ್ ಕಳೆದರೆ
ನನಗೆ ಉಳಿಯುವುದು ಒಂದೂಕಾಲು,
ಅದರಲ್ಲಿಯೂ ಅರ್ಧ ಮುರಕಲ್ಲು;
ಹಾರೆ ಹಾಕಿದರೆ ಹಾರೆಯೇ ವಾಪಸು ಬರುತ್ತದೆ.
ಹಾಗಾಗಿ ಮಣ್ಣು ನಾನೇ ಮಾಡಿದ್ದು:
ತರಗೆಲೆ, ತೆಂಗಿನ ಸಿಪ್ಪೆಯ ಪುಡಿ, ಮೊಟ್ಟೆಯ ಓಡು,
ಇಪ್ಪತ್ತೆರಡು ವರ್ಷದ ಮೀನಿನ ಮುಳ್ಳು.
ಒಂದು ಹಿಡಿ ತೆಗೆದು ಮೂಸಿದರೆ
ಯಾವ ಭಾನುವಾರ ಏನು ಪದಾರ್ಥ ಎಂದು ಅದೇ ಹೇಳೀತು.

ಬಸಳೆಯ ಬುಡ ಬಚ್ಚಲಿನ ಹೊರಗೆ.
ಬೂತಾಯಿ ತೊಳೆದ ನೀರು ಅದಕ್ಕೇ ಮೀಸಲು.
ಬಂಗುಡೆ ತಂದ ವಾರ ದಂಟು
ನಾಲ್ಕು ಬೆರಳು ಹೆಚ್ಚು ಹೋಗುತ್ತದೆ ಎಂದರೆ
ಲೂವಿಸ್ ನಗುತ್ತಾನೆ.
ನಗಲಿ. ಅಳೆದವಳು ನಾನು.

ಅಲಸಂಡೆಗೆ ಹೇನು ಬಂದರೆ ಬಚ್ಚಲೊಲೆಯ ಬೂದಿ.
ಎರಚುವುದು ಬೆಳಿಗ್ಗೆ, ಎಲೆಯ ಪಸೆ ಆರುವ ಮೊದಲು;
ಆರಿದ ಮೇಲೆ ಎರಚಿದ್ದು ಗಾಳಿಗೆ ಕೊಟ್ಟ ಬಕ್ಷೀಸು.
ಲೂವಿಸ್ ತಂದ ಬಿಳಿ ಪುಡಿಯ ಪ್ಯಾಕೆಟ್ಟು
ಮೀಟರ್ ಬೋರ್ಡಿನ ಮೇಲೆ ಈಗಲೂ ಉಂಟು, ಬಾಯಿ ಒಡೆಯದೆ.
ಅದರ ಮೇಲಿನ ತಲೆಬುರುಡೆಯ ಚಿತ್ರ
ನಮಗೆ ಅರ್ಥವಾಗುತ್ತದೆ, ದುಂಬಿಗೆ ಆಗಬೇಕಲ್ಲ.

ಮಳೆ ಹಿಡಿಯಿತೋ, ಬಸವನಹುಳು.
ರಾತ್ರಿ ಹತ್ತಕ್ಕೆ ಈಚೆ ನಾನು, ಗೋಡೆಯಾಚೆ ಅವ್ವಮ್ಮ,
ಇಬ್ಬರ ಕೈಯಲ್ಲೂ ಟಾರ್ಚು, ಪೈಂಟಿನ ಹಳೆ ಡಬ್ಬಿ, ಉಪ್ಪುನೀರು.
“ಎಷ್ಟಾಯ್ತು ಸೆವ್ರಿನ್ ಬಾಯಿ?”
“ನಲವತ್ತೊಂದು. ನಿಮ್ಮದು?”
“ಐವತ್ತಾರು. ಎಲ್ಲ ನಿಮ್ಮ ಕಡೆಯಿಂದ ಬಂದದ್ದು.”
“ನಮ್ಮದು ನಿಮ್ಮ ಕಡೆಯದ್ದು.”
ಹದಿನೈದು ಮಳೆಗಾಲ ಕಳೆಯಿತು,
ಈ ಗಡಿ ತಕರಾರು ಇತ್ಯರ್ಥವಾಗಿಲ್ಲ.

ಸೌತೆಯ ವಿಷಯ ಹೇಳಬೇಕು.
ಅಜ್ಜಿ ಕೊಟ್ಟ ತಳಿ ಗಿಳಿ ಏನೂ ಅಲ್ಲ,
ಮಾರ್ಕೆಟಿನಲ್ಲಿ ಎರಡು ರೂಪಾಯಿಗೆ ತಂದು
ಕೊಯ್ಯುವಾಗ ಬೀಜ ಚಂದ ಕಂಡಿತು, ಇಟ್ಟುಕೊಂಡೆ.
ಅಂದಿನಿಂದ ಪ್ರತಿ ವರ್ಷ
ಬಳ್ಳಿಯ ಎರಡನೇ ಕಾಯಿಯನ್ನು ಮುಟ್ಟುವುದಿಲ್ಲ.
ಪಟ್ಟೆ ಹಳದಿಯಾದ ಮೇಲೆ ಬಾಳೆನಾರಿನಲ್ಲಿ ಕಟ್ಟಿ
ಪಕ್ಕಾಸಿಗೆ ನೇತುಹಾಕುತ್ತೇನೆ.
ಮಳೆಗಾಲವಿಡೀ ಅದು ನಮ್ಮ ತಲೆಯ ಮೇಲೆ,
ಊಟ, ಜಗಳ, ಪ್ರಾರ್ಥನೆ ಎಲ್ಲ ಕೇಳುತ್ತಾ.

ಹೋದ ಜುಲೈಯಲ್ಲಿ ನನಗೆ ಡೆಂಗ್ಯೂ.
ಕುಲಶೇಖರದಿಂದ ನಾದಿನಿ ಬೆನೆಡಿಕ್ಟಾ ಬಂದಳು.
ಬೋಟುಗಳೆಲ್ಲ ದಡದಲ್ಲಿ, ಮೀನಿಲ್ಲ,
ಪಾಪ, ಮೇಲೆ ನೋಡಿದಳು.
ಆಸ್ಪತ್ರೆಯಿಂದ ಬಂದ ದಿನ ಗಂಜಿಯ ಜೊತೆ
ತೆಂಗಿನಕಾಯಿ ಅರೆದು ಹಾಕಿದ ಹುಳಿ,
ಎರಡು ಸಲ ಬಡಿಸಿಕೊಂಡೆ. ಸುಳ್ಳು ಯಾಕೆ, ರುಚಿ ಇತ್ತು.
ಆಮೇಲೆ ಮಲಗಿದಲ್ಲಿಂದ ಪಕ್ಕಾಸು ಕಂಡಿತು,
ಬರೀ ನಾರು.

“ತಿರುಳು ಎಲ್ಲಿ ಬಿಸಾಡಿದ್ದು?”
“ಗುಂಡಿಗೆ, ಇನ್ನೆಲ್ಲಿಗೆ?”
ಎಂಟು ದಿನಕ್ಕೆ ಗುಂಡಿಯೊಳಗೆ
ಮೊಟ್ಟೆಯೋಡಿನ ನಡುವೆ ಒತ್ತೊತ್ತಾಗಿ
ಅರುವತ್ತೋ ಎಪ್ಪತ್ತೋ ಮೊಳಕೆ;
ತಪ್ಪು ಕಾಲದಲ್ಲಿ, ಯಾರೂ ಕರೆಯದೆ.
ಹೆಚ್ಚಿನವು ಕೊಳೆತವು. ಉಳಿದವನ್ನು ಹುಳು ತಿಂದಿತು.
ಟಾರ್ಚು ಹಿಡಿಯುವಷ್ಟು ಕೈಗೆ ಬಲ ಇರಲಿಲ್ಲ ನನಗೆ.
ಆಚೆಯಿಂದ ಅವ್ವಮ್ಮ ಒಂದು ರಾತ್ರಿ
ಸ್ಟೂಲು ಇಟ್ಟು, ಈ ವಯಸ್ಸಿನಲ್ಲಿ, ಗೋಡೆ ಹತ್ತಿ ಇಳಿದು
ಎರಡೂ ಕಡೆಯದ್ದು ಹೆಕ್ಕಿದರಂತೆ.
ಎಷ್ಟು ಎಂದು ಹೇಳಲಿಲ್ಲ.
ನಾನೂ ಕೇಳಲಿಲ್ಲ.

ಒಂದು ಬಳ್ಳಿ ಬದುಕಿತು.
ಬೇರು ನಮ್ಮ ಗುಂಡಿಯಲ್ಲಿ, ತಲೆ ಗೋಡೆಯಾಚೆ,
ಕಾಯಿ ಹಿಡಿದದ್ದು ಒಂದೇ,
ಸೊಟ್ಟ, ಅವರ ಪೇರಳೆ ಮರದ ಕವಲಿನಲ್ಲಿ ಕೂತು.

ಈಗ ಅದು ಅವ್ವಮ್ಮನ ಪಕ್ಕಾಸಿನಲ್ಲಿ ನೇತಾಡುತ್ತಿದೆ.
ನಾನು ಎರಡು ದಿನಕ್ಕೊಮ್ಮೆ ಹೋಗುತ್ತೇನೆ,
ಸಕ್ಕರೆ ಕೇಳಲಿಕ್ಕೆ, ಬಸಳೆ ಕೊಡಲಿಕ್ಕೆ,
ಒಮ್ಮೆ ಏನೂ ಹೊಳೆಯದೆ ಗಂಟೆ ಎಷ್ಟೆಂದು ಕೇಳಲಿಕ್ಕೆ.
ಅವರು ಕತ್ತಿ ಮಣೆ ಬದಿಗಿಟ್ಟು
ನನ್ನ ಮುಖ ಮೇಲಿನಿಂದ ಇಳಿಯುವವರೆಗೆ ಕಾಯುತ್ತಾರೆ.
“ನೋಡಿ ಆಯ್ತಾ?” ಎನ್ನುತ್ತಾರೆ.
“ಇನ್ನು ಕೂತ್ಕೊಳ್ಳಿ. ಚಾ ಕುಡಿಯುವ.”