ತಳಕ್ಕೆ ಎಣ್ಣೆ ಹಚ್ಚುವವನ ಅಭಿಪ್ರಾಯ

ಮಣಿಪಾಲದ ಆಸ್ಪತ್ರೆಯ ಮೂರನೇ ಮಾಳಿಗೆಯಲ್ಲಿ
ಕೆಥೀಟರ್ ಕಂಪೆನಿಯ ಹುಡುಗ ಫಾರಂ ಹಿಡಿದು ಕೇಳಿದ:
ನುಣುಪು ಎಷ್ಟು, ಒಂದರಿಂದ ಹತ್ತರೊಳಗೆ?
ನೋವು ಎಷ್ಟು?

ನೋವು ಸೊನ್ನೆ ಮಾರಾಯ.
ಹೊಕ್ಕುಳಿನಿಂದ ಕೆಳಗಿನ ಸುದ್ದಿಯೇ ನನಗೆ ಬರುವುದಿಲ್ಲ,
ಹಂಗಾರಕಟ್ಟೆಯಲ್ಲಿ ಅಟ್ಟಳಿಗೆಯಿಂದ ಬಿದ್ದ ಮೇಲೆ.
ಒಳಗೆ ಏನಾಯಿತೆಂದು ತಿಳಿಯುವುದು
ನಳಿಗೆಯ ತುದಿ ಹೊರಗೆ ಬಂದಾಗ:
ಕೆಂಪಿದೆಯೋ, ಇಲ್ಲವೋ.

ಆದರೆ ನುಣುಪಿನ ವಿಷಯ ಕೇಳಿದೆಯಲ್ಲ,
ಸರಿಯಾದ ಮನುಷ್ಯನನ್ನೇ ಕೇಳಿದೆ.
ಇಪ್ಪತ್ತೆರಡು ವರ್ಷ ದೋಣಿಗಳ ಹೊಟ್ಟೆ ಕೆರೆದವ ನಾನು.
ಕಲ್ಲಿನಂಥ ಬಿಳಿ ಚಿಪ್ಪು ಒಂದು ಕೂತರೆ ಸಾಕು,
ಅದರ ಪಕ್ಕ ಹತ್ತು, ಹತ್ತರ ಮೇಲೆ ಪಾಚಿ.
ಒರಟು ಕಂಡಲ್ಲಿ ಜೀವ ಮನೆ ಕಟ್ಟುತ್ತದೆ,
ಬೇಕಾದದ್ದೂ ಬೇಡದ್ದೂ.
ಹಾಗಾಗಿ ಉಜ್ಜುವುದು, ಮತ್ತೆ ಉಜ್ಜುವುದು,
ಗೇರುಬೀಜದ ಸಿಪ್ಪೆಯ ಎಣ್ಣೆ ಕಾಯಿಸಿ
(ಕೈಯ ಚರ್ಮ ಏಳುತ್ತದೆ, ನೋಡು, ಇಲ್ಲಿ)
ಹಲಗೆ ಕುಡಿಯುವಷ್ಟು ಕುಡಿಸುವುದು.
ಕೊನೆಗೆ ಕಣ್ಣು ಮುಚ್ಚಿ ಅಂಗೈ ಆಡಿಸುವುದು.
ಕಣ್ಣು ಬಣ್ಣಕ್ಕೆ ಮರುಳಾಗುತ್ತದೆ.

ಮೊದಲ ವರ್ಷ ಸಾದಾ ನಳಿಗೆ, ಜೆಲ್ಲಿ ಸವರಿ.
ಬದಿಯ ಎರಡು ಕಣ್ಣುಗಳ ಅಂಚನ್ನು
ಕತ್ತರಿಸಿದ ಹಾಗೇ ಬಿಟ್ಟಿದ್ದರು.
ಸಿಸ್ಟರ್ ಬೆನೆಡಿಕ್ಟಾಗೆ ತೋರಿಸಿದೆ.
ಕೈಗವಸು ತೆಗೆದರು, ಉಗುರು ತಾಗಿಸಿ ನೋಡಿದರು,
ಏನೂ ಹೇಳದೆ ಕಪಾಟಿನಿಂದ ಇದನ್ನು ತಂದರು.

ಒಣಗಿದ್ದಾಗ ಇದೂ ಬರೀ ಪ್ಲಾಸ್ಟಿಕ್ಕೇ.
ನೀರಲ್ಲಿ ಅದ್ದಿ ಮೂವತ್ತು ಎಣಿಸಬೇಕು.
ಇಪ್ಪತ್ತರ ಹೊತ್ತಿಗೆ ಮೈ ಬಿಡುತ್ತದೆ,
ತಲೆ ಮೀಯುವ ದಿನ ದೊಡ್ಡಮ್ಮ
ದಾಸವಾಳದ ಎಲೆ ಕಿವುಚಿದ ಬೋಗುಣಿಯ ಹಾಗೆ
ನೀರೇ ಲೋಳೆಯಾಗಿ.
ಮೊದಲ ಸಲ ಕೈಯಿಂದ ಜಾರಿ
ಬಚ್ಚಲಿನ ತೂತಿನವರೆಗೆ ಓಡಿತು, ಹಾವುಮೀನಿನ ಮರಿ.
ನೂರೈವತ್ತು ರೂಪಾಯಿ! ಜಲಜ ನಕ್ಕಳು,
ಆಮೇಲೆ ನಾನೂ.
ಈ ವಿಷಯಕ್ಕೆ ನಾವು ನಕ್ಕದ್ದು ಅದೇ ಮೊದಲು.

ದಿನಕ್ಕೆ ಐದು ಸಲ. ಲೆಕ್ಕ ನೀನೇ ಹಾಕು.
ಇದು ರಾತ್ರಿಯ ಒಂದಕ್ಕೆ, ಮತ್ತೆ
ಮದುವೆ ಗಿದುವೆಗೆ ಹೋಗುವ ದಿನಕ್ಕೆ.
ಉಳಿದ ನಾಲ್ಕಕ್ಕೆ ಸಾದಾದ್ದೇ,
ಮೆಡಿಕಲ್‌ನವ ಬೈಯುವಷ್ಟು ಆರಿಸಿ ತಂದದ್ದು.

ಸರಿ, ಬರೆದುಕೋ.
ಒಳಗೆ ಹೋಗುವಾಗ ಹತ್ತಕ್ಕೆ ಹತ್ತು.
ಹೊರಗೆ ಬರುವಾಗ ಹೇಗೆಂದು ನೀನು ಕೇಳಲಿಲ್ಲ.
ಕೆಲವು ರಾತ್ರಿ ಮೂತ್ರ ನಿಧಾನ.
ನಾಲ್ಕು ನಿಮಿಷ ಹೆಚ್ಚು ಕೂತರೆ
ಲೋಳೆಯ ನೀರು ಎಲ್ಲೋ ಇಂಗಿ
ಎಳೆಯುವಾಗ ಬೆರಳಿಗೆ ಒಂದು ಹಿಡಿತ ಸಿಗುತ್ತದೆ,
ಇಷ್ಟೇ ಇಷ್ಟು,
ಮಲಗಿದ ಮಗು ಸೆರಗು ಬಿಡದ ಹಾಗೆ.

ದೋಣಿ ನೀರಿಗಿಳಿಸುವಾಗ ಊರೇ ಬರುತ್ತದೆ,
ತೆಂಗಿನಕಾಯಿ ಒಡೆಯುತ್ತದೆ.
ಮಳೆಗಾಲದ ಮುಂಚೆ ಮೇಲಕ್ಕೆಳೆಯುವ ದಿನ
ನಾವು ಆರು ಜನ, ಬೂತಾಯಿ ಎಣ್ಣೆ ಬಳಿದ ದಿಮ್ಮಿ,
ಮತ್ತು ತಳಕ್ಕೆ ಏನು ಅಂಟಿದೆಯೋ ಅದು.
ಹಚ್ಚಿದವನ ಕೆಲಸ ಗೊತ್ತಾಗುವುದು ಅವತ್ತು.

ಹುಡುಗ ಫಾರಂ ತಿರುಗಿಸಿ ನೋಡಿದ.
ಅದಕ್ಕೆ ಕಾಲಂ ಇಲ್ಲ ಅಂಕಲ್, ಎಂದ.
ಹಿಂಬದಿ ಪೂರ್ತಿ ಖಾಲಿ ಇತ್ತು.
ಪೆನ್ನು ಕೊಡು, ಎಂದೆ.