ಸೀಸೆಯ ಮೇಲೆ ಬರೆಯುವ ತಾರೀಖು

ಮೊರ್ಲೆಯ ಆಸ್ಪತ್ರೆ, ನೆಲಮಾಳಿಗೆ, ಬೆಳಗಿನ ಆರು.
ಗಾಜಿನ ಪೆಟ್ಟಿಗೆಯೊಳಗೆ ಮೊಣಕೈವರೆಗೆ ತೋಳು ತೂರಿಸಿ
ಉಪ್ಪುನೀರಿಗೆ ಮೊದಲು ಸಾರಜನಕ ಊದುತ್ತೇನೆ.
ಅರ್ಧ ಗಂಟೆ ಗುಳುಗುಳು.
ನೀರಲ್ಲಿ ಅಡಗಿ ಕೂತ ಪ್ರಾಣವಾಯು
ಗುಳ್ಳೆಗುಳ್ಳೆಯಾಗಿ ಎದ್ದು ಹೋಗಲಿ.
ನಮ್ಮೆಲ್ಲರ ಪ್ರಾಣ ಅದು, ಈ ಮದ್ದಿಗೆ ಯಮ.

ಆಮೇಲೆ ಪುಡಿ. ನೂರು ಮಿಲಿಗೆ ಐನೂರೈವತ್ತು ಮಿಲಿಗ್ರಾಂ.
ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ.
ಲಿಫ್ಟಿನಲ್ಲಿ ನರ್ಸುಗಳು ಗೋಡೆಗೆ ಅಂಟಿಕೊಳ್ಳುತ್ತಾರೆ,
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸದಾ ಖಾಲಿ.
ಇಪ್ಪತ್ತು ವರ್ಷವಾಯಿತು, ನನ್ನ ಅತ್ತರು ಇದೇ.

ಇದರ ಅಣುಗಳಿಗೆ ಒಂದೇ ಚಾಳಿ:
ಕಣ್ಣು ತಪ್ಪಿದರೆ ಸಾಕು, ಕೈ ಕೈ ಹಿಡಿದು ಜೋಡಿಯಾಗುತ್ತವೆ.
ಜೋಡಿಯಾದದ್ದು ಮತ್ತೆ ಕೆಲಸಕ್ಕೆ ಹೋಗುವುದಿಲ್ಲ.
ತಾಮ್ರದ್ದೋ ಕಬ್ಬಿಣದ್ದೋ ಒಂದು ಕಣ ಉಳಿದಿದ್ದರೆ
ಅವನೇ ಮದುವೆ ದಲ್ಲಾಳಿ.
ಅವನನ್ನು ಹಿಡಿದು ಕಟ್ಟಿಹಾಕಲು
ಇನ್ನೊಂದು ಪುಡಿ, ಚಿಟಿಕೆಯಷ್ಟು.

ಇದೆಲ್ಲ ಸಲೀಸು. ಕಷ್ಟ ಇರುವುದು ಹುಳಿಯಲ್ಲಿ.
ಕಣ್ಣಿಗೆ ಏಳರ ಆಸುಪಾಸು ಹಿತ,
ತನ್ನದೇ ನೀರಿನ ಹಾಗೆ, ಬಂದದ್ದೂ ತಿಳಿಯದ ಹಾಗೆ.
ಮದ್ದು ಬಾಳುವುದು ನಾಲ್ಕರಲ್ಲಿ.
ನಡುವೆ ನಾನು, ಅಝೆನೋರ್ ಕೆರ್ದ್ರೆಯೋನ್,
ಹನಿ ಹನಿ ಕ್ಷಾರ ಬಿಡುತ್ತಾ
ಮೀಟರಿನ ಮುಳ್ಳಿನ ಮುಂದೆ ಉಸಿರು ಹಿಡಿದು.
ನಾಲ್ಕೂವರೆಗೆ ರಾಜಿ.
ಉರಿಯುತ್ತದೆ. ಗೊತ್ತು.
ಬಾಗಿಲು ಹಾಕಿ ನನ್ನ ಕಣ್ಣಿಗೇ ಬಿಟ್ಟು ನೋಡಿದ್ದೇನೆ:
ಹದಿನಾಲ್ಕು ಸೆಕೆಂಡು.

ಗುರ್ವಾನನಿಗೆ ಆರು ವರ್ಷ.
ಅವನ ಕಣ್ಣಿನ ಕರಿಗುಡ್ಡೆಯ ಮೇಲಿನ ಗಾಜಿನಲ್ಲಿ
ಸೂಜಿಸೂಜಿ ಹರಳು, ಹುಟ್ಟಿನಿಂದ ಬಂದದ್ದು.
ಬಿಸಿಲು ಅವನಿಗೆ ಮೈಮೇಲೆ ಎರಚಿದ ಮರಳು.
ರೋಸ್ಕೋಫಿನಲ್ಲಿ ಅಜ್ಜಿ ಸೋಯಿಝಿಕ್
ಗುಲಾಬಿ ಈರುಳ್ಳಿ ಜಡೆ ಹೆಣೆಯುವ ಕೊಟ್ಟಿಗೆಯ
ಕತ್ತಲ ಮೂಲೆಯಲ್ಲಿ, ಮೇಜಿನಡಿ,
ಕಪ್ಪು ಕನ್ನಡಕ ಹಾಕಿಕೊಂಡು ಅವನ ಸಂಸಾರ.
ಎಚ್ಚರವಿರುವ ಪ್ರತಿ ಗಂಟೆಗೂ ಒಂದು ಹನಿ.
ಅಜ್ಜಿಯ ಏಪ್ರನ್ ಜೇಬಿನಲ್ಲಿ ಟಿಣ್ ಅನ್ನುವ ಅಡುಗೆ ಗಡಿಯಾರ.
ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ,
ಅವನ ಕಣ್ಣಿಗೆ ಮದ್ದು ಬಿಡಲು.

ಮೊದಲ ದಿನ ಸೀಸೆ ಮೂಸಿ ನಕ್ಕಿದ್ದಳು:
‘ಇದು ನಮ್ಮ ಈರುಳ್ಳಿಯ ಕುಲದ್ದೇ.’
ಹೌದು. ಗಂಧಕ.
ಅಳಿಸುವುದೂ ಅದೇ ಮನೆತನ.

ಕಳೆದ ಚಳಿಗಾಲ ಅವನು ನನ್ನ ಎದುರೇ
ಕಣ್ಣು ಬಿಗಿದು ನೆಲಕ್ಕೆ ಬಿದ್ದು ಅತ್ತ.
ಆ ವಾರ ಆರೂವರೆಗೆ ಏರಿಸಿದೆ.
ಪ್ರಯೋಗಾಲಯದಲ್ಲಿ ಮೂರು ದಿನ ನಿಂತಿತ್ತು,
ಮೂರನ್ನು ಏಳು ಎಂದು ನಂಬಿದೆ.
ಹುಡುಗ ಅಳಲಿಲ್ಲ. ಚಿತ್ರ ಬರೆದು ಕಳಿಸಿದ:
ನಾನು, ನನ್ನ ತಲೆಗಿಂತ ದೊಡ್ಡ ಸೀಸೆ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಐದನೆಯ ದಿನ ಅಜ್ಜಿಯ ಫೋನು.
‘ಅಮ್ಮಾ, ಮದ್ದಿಗೆ ನಾತವೇ ಇಲ್ಲವಲ್ಲ.’

ನಾನು ಏನೂ ಹೇಳಲಿಲ್ಲ.
ಸೀಸೆ ತಿಳಿಯಾಗಿತ್ತು, ಮಣಿಯಂತೆ,
ಒಳಗೆ ಎಲ್ಲರೂ ಜೋಡಿಯಾಗಿ ಸುಖವಾಗಿದ್ದರು.
ಹುಡುಗ ಮತ್ತೆ ಮೇಜಿನಡಿ ಸೇರಿದ್ದ,
ಕಿಟಕಿಗೆ ಕಂಬಳಿ.

ಚರಂಡಿಗೆ ಸುರಿದೆ ಹನ್ನೆರಡು ಸೀಸೆ.
ಚಿತ್ರವನ್ನು ಮಾತ್ರ ತೆಗೆಯಲಿಲ್ಲ.

ಇವತ್ತು ಹೊಸದು. ನಾಲ್ಕೂವರೆ.
ಸೋಸಿ, ಕಂದು ಗಾಜಿಗೆ ತುಂಬಿ, ಹಿಮಗಟ್ಟಿಸಿ
ಪ್ರತಿಯೊಂದರ ಕೊರಳಿಗೂ ತಾರೀಖು ಬರೆಯುತ್ತೇನೆ:
ಕರಗಿದ ದಿನದಿಂದ ಏಳು.
ಏಳು ದಿನಕ್ಕಿಂತ ಹೆಚ್ಚಿನ ಮಾತು
ಯಾರಿಗೂ ಕೊಡಲು ನನಗೆ ಬಾರದು.

ಮಧ್ಯಾಹ್ನ ಬಂದರು.
‘ಉರೀತದಾ?’
‘ಉರೀತದೆ.’
ತುಟಿ ಕಚ್ಚಿ ಮುಖ ಮೇಲೆತ್ತಿದ.
ಎಣಿಸೋಣ ಅಂದೆ, ಅಜ್ಜಿಯ ಮಾತಿನಲ್ಲಿ:
ಉನನ್, ದಾವ್, ತ್ರಿ...
ಒಂಬತ್ತು ಬಿಟ್ಟು ಹತ್ತಕ್ಕೆ ಹಾರಿದ, ಮೋಸಗಾರ.
ಹದಿನಾಲ್ಕಕ್ಕೆ ಒಂದು ಕಣ್ಣು ಬಿಟ್ಟ,
ಕೆಂಪಗೆ, ನೀರು ತುಂಬಿ,
ದೀಪದ ಕಡೆಗಲ್ಲ, ನನ್ನ ಕಡೆಗೆ:
‘ನಿನ್ನ ಮೂಗಿನ ಮೇಲೆ ಮಚ್ಚೆ ಇದೆ.
ಮತ್ತೆ ನೀನು ನಾರುತ್ತೀ.’