ಇನ್ನೂ ಮೂರು ಸಲ

ಕಾಯಿಲೆ ಹೋಯ್ತೆಂದು ಡಾಕ್ಟರು ಬರೆದ ಚೀಟಿಯನ್ನು
ಮನೆಯವರು ದೇವರ ಮಾಡದಲ್ಲಿಟ್ಟು
ಹೋಳಿಗೆ ಮಾಡಿದರು.
ನಾನೂ ಉಂಡೆ. ನಕ್ಕೆ ಕೂಡ.

ರಾತ್ರಿ ಎದೆಯ ಹೊಲಿಗೆಯ ಗುಂಟ
ಬೆರಳು ನಡೆಯಿತು, ಹತ್ತು ಸಲ, ಹನ್ನೆರಡು ಸಲ,
ಇಲ್ಲದ ಗಂಟು ಹುಡುಕುತ್ತ.

ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಗೆ
ಮರಳಿದ ದಿನ ಎಲ್ಲರೂ ಅಂದರು:
"ಗಟ್ಟಿಗಿತ್ತಿ ಬಿಡು ನೀನು, ಹಂಪಮ್ಮ."
ಸಂಜೆತನಕ ಗಟ್ಟಿಗಿತ್ತಿಯಾಗಿಯೇ ಕೂತೆ.
ಪ್ಯಾಂಟಿನ ಕಾಲು ಹೊಲಿಯುವುದಕ್ಕಿಂತ
ಅದೇ ದಣಿವು.

ಮಾಬುನ್ನಿ ಹಾಗೇನೂ ಅನ್ನಲಿಲ್ಲ.
ಮಿಷನ್ನುಗಳ ಗದ್ದಲದಲ್ಲಿ
ನನ್ನ ಕಿವಿಗೆ ಬಾಗಿ ಕೇಳಿದಳು:
"ರಾತ್ರಿ ನಿದ್ದಿ ಬರ್ತದೇನ?"
"ಇಲ್ಲ, ಭಾಳ ಅಂಜಿಕಿ ಆಗ್ತದ!"
ಎಂದು ನಾನು ಕೂಗುವುದಕ್ಕೂ
ಕರೆಂಟು ಹೋಗುವುದಕ್ಕೂ ಸರಿಹೋಯ್ತು.

ನಲವತ್ತು ಮಿಷನ್ನು ಒಮ್ಮೆಲೇ ಗಪ್ಪಾದವು.
ನನ್ನ ಅಂಜಿಕೆ
ಗೋಡೆಗೋಡೆಗೂ ಕೇಳಿಸಿತು.
ಯಾರೂ ಅಳಬೇಡ ಅನ್ನಲಿಲ್ಲ.
ಇಸ್ತ್ರಿ ಮೇಜಿನ ಕಡೆಯಿಂದ ಒಂದು ದನಿ:
"ನಮ್ಮಕ್ಕನೂ ಹಿಂಗ ಅಂತಿದ್ಲು.
ನಾವೇ ಬಾಯಿ ಮುಚ್ಚಿಸ್ತಿದ್ವಿ."

ಆರು ತಿಂಗಳಿಗೊಮ್ಮೆ ಸ್ಕ್ಯಾನು.
ಹಿಂದಿನ ವಾರ ಸೂಜಿಗಣ್ಣು ನನಗೆ ಕಾಣದು.
ಮಾಬುನ್ನಿ ದಾರ ಪೋಣಿಸಿಕೊಡುತ್ತಾಳೆ,
ಮಾತಿಲ್ಲ.
ಕುಪ್ಪಸದ ಎಡಕ್ಕೆ
ಜೇಬಿನ ಬಟ್ಟೆಯಲ್ಲಿ ಹತ್ತಿ ತುಂಬಿ
ಹೊಲಿದುಕೊಟ್ಟವಳೂ ಅವಳೇ:
"ಅಳತಿ ತಪ್ಪಿದ್ರ ಹೇಳು, ಬಿಚ್ಚಿ ಹೊಲಿತೀನಿ."

ಔಷಧಿಗೆ ಕರಿಕಾಗಿದ್ದ ಉಗುರು
ಹೊಸದಾಗಿ ಬಂದಿವೆ.
ಅಂಚಿಗೆ ಮತ್ತೆ ಜೀನ್ಸಿನ ನೀಲಿ,
ಕಲ್ಲಿಗೆ ತಿಕ್ಕಿದರೂ ಹೋಗದು.
ಆ ಬೆರಳೇ ರಾತ್ರಿ ಹೊಲಿಗೆಯ ಮೇಲೆ ನಡೆಯುತ್ತದೆ,
ಇನ್ನೂ.
ಮೂರು ಸಲ ಅಷ್ಟೇ.
ಆಮೇಲೆ ಮಗ್ಗುಲಾಗುತ್ತೇನೆ.